ಮದುವೆಯ ಪೆಟ್ಟಿಗೆಯಲ್ಲಿ ನಿದ್ದೆಯಿಲಿ

ನಮ್ಮ ಊರಿನಲ್ಲಿ ನಿದ್ದೆಯಿಲಿಯು ಯಾವ ವಸ್ತುವಿನೊಳಗೆ ಹೊಕ್ಕು ಚಳಿಗಾಲದ ನಿದ್ದೆಗೆ ಇಳಿಯುವುದೋ, ಆ ವಸ್ತುವು ಅದು ಏಳುವವರೆಗೆ ಅದರದೇ. ಕಾರ್ತಿಕದಲ್ಲಿ ಮಲಗಿದ್ದು ಯುಗಾದಿಯ ಸುಮಾರಿಗೆ ಏಳುತ್ತದೆ. ಅಲ್ಲಿಯವರೆಗೆ ಆ ವಸ್ತುವನ್ನು ಬಳಸುವಂತಿಲ್ಲ, ಸರಿಸುವಂತಿಲ್ಲ, ಹತ್ತಿರ ನಿಂತು ಜೋರಾಗಿ ಸೀನುವಂತೆಯೂ ಇಲ್ಲ. ಈ ಕಟ್ಟಳೆಯನ್ನು ಯಾರು ಮಾಡಿದರು, ಏಕೆ ಮಾಡಿದರು ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ನಾವು ಕೇಳಿಕೊಂಡದ್ದಿಲ್ಲ. ನಾನು ಹುಟ್ಟಿದ ವರ್ಷ ಕ್ಷೌರದ ಮುನಿಶಾಮಿಯ ಕತ್ತಿಯ ಪೆಟ್ಟಿಗೆಯಲ್ಲಿ ಒಂದು ಇಲಿ ಮಲಗಿಬಿಟ್ಟು, ಊರಿನ ಗಂಡಸರೆಲ್ಲ ಐದು ತಿಂಗಳು ಗಡ್ಡ ಬಿಟ್ಟುಕೊಂಡು ತಿರುಗಿದರಂತೆ. ನಾಮಕರಣದ ದಿನ ತೊಟ್ಟಿಲೊಳಗೆ ಬಗ್ಗಿ ನೋಡಿದ ಒಂದೊಂದು ಮುಖಕ್ಕೂ ನಾನು ಹೊಸದಾಗಿ ಅತ್ತದ್ದನ್ನು ನನ್ನ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದ ಮೇಲೆ ಇಲಿ ಮಲಗಿದ ವರ್ಷ ಒಬ್ಬ ವಿದ್ಯಾರ್ಥಿಯೂ ಗೈರುಹಾಜರಾಗಲಿಲ್ಲ. ಊರಿಗಿದ್ದ ಒಂದೇ ಹಾರ್ಮೋನಿಯಮ್ಮಿನ ತಿದಿಯಲ್ಲಿ ಮಲಗಿದ ವರ್ಷ ಸಂಗೀತದ ಮೇಷ್ಟರು ಮೊತ್ತಮೊದಲ ಸಲ ಶ್ರುತಿಗೆ ಸೇರಿಸಿ ಹಾಡಿದರು.

ಇಂಥ ಕಟ್ಟಳೆ ಇರುವಲ್ಲಿ ಅದನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುವವರೂ ಇರುತ್ತಾರೆ. ಆಶ್ವಯುಜ ಮುಗಿಯುತ್ತಿದ್ದಂತೆಯೇ ಬೇಡವಾದ ಕೆಲಸದ ಸಾಮಾನುಗಳ ಮುಚ್ಚಳವನ್ನು ಹೆಬ್ಬೆರಳಿನಷ್ಟು ತೆರೆದು, ಒಳಗೆ ಒಂದಿಷ್ಟು ಹತ್ತಿಯನ್ನೂ ಒಂದು ಅಕ್ರೋಟನ್ನೂ ಇಟ್ಟು, ಏನೂ ಅರಿಯದವರಂತೆ ಇರುವುದು ಕೆಲವರ ರೂಢಿ. ಸೊಸೆಯರು ಒರಳುಕಲ್ಲಿನ ಗುಣಿಯಲ್ಲಿ ಇಟ್ಟರು. ವಕೀಲರು ಎದುರು ಪಕ್ಷದವರ ದಾಖಲೆಯ ಚೀಲದಲ್ಲಿ ಇಟ್ಟರು. ಮಲಗಿರದ ಇಲಿಯನ್ನು ಮಲಗಿದೆಯೆಂದು ಹೇಳಿಕೊಂಡು ತಿಂಗಳುಗಟ್ಟಲೆ ಕೆಲಸ ತಪ್ಪಿಸಿದವರ ಸಂಖ್ಯೆ ಹೆಚ್ಚಿದಾಗ ಪುರಸಭೆಯು ನಿದ್ರಾಪರೀಕ್ಷಕ ಎಂಬ ಹುದ್ದೆಯನ್ನು ಸೃಷ್ಟಿಸಿತು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನ್ನನ್ನು, ಅಂದರೆ ನರಹರಯ್ಯನನ್ನು, ಆ ಸ್ಥಾನಕ್ಕೆ ಆರಿಸಿತು. ಮೂವತ್ತೊಂದು ವರ್ಷ ಅದನ್ನು ನಿರ್ವಹಿಸಿದೆ. ಎದುರಿಗೆ ಜನ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಇಲಿಮೇಷ್ಟ್ರು ಎನ್ನುತ್ತಿದ್ದರೆಂದು ಬಲ್ಲೆ. ಎರಡರಲ್ಲೂ ಗೌರವವಿದೆಯೆಂದೇ ತಿಳಿದಿದ್ದೆ.

ಪರೀಕ್ಷೆಯ ಕ್ರಮ ಹೀಗೆ. ಮೊದಲು ಕಣ್ಣು: ನಿಜವಾಗಿ ಮಲಗಿದ ಇಲಿಯು ಉಂಡೆಯಾಗಿ ಸುತ್ತಿಕೊಂಡು, ಬಾಲವನ್ನು ಮೂಗಿನ ಮೇಲೆ ಹೊದ್ದುಕೊಂಡಿರುತ್ತದೆ. ಆಮೇಲೆ ಕೈ: ಅಂಗೈಯ ಹಿಂಬದಿಯನ್ನು ತಾಗಿಸಿದರೆ ಮೈ ಬೆಳಗಿನ ಬೆಣ್ಣೆಯಂತೆ ತಣ್ಣಗಿರಬೇಕು. ಕೊನೆಗೆ ಕಿವಿ: ಉಸಿರು ಎಂಟು ಅಥವಾ ಹತ್ತು ನಿಮಿಷಕ್ಕೆ ಒಮ್ಮೆ, ಸಣ್ಣ ಸಿಳ್ಳಿನಂತೆ ಬರಬೇಕು. ಮೂರೂ ಸರಿಯಾಗಿದ್ದರೆ ಚೀಟಿ ಅಂಟಿಸಿ ಪ್ರಮಾಣಪತ್ರ ಬರೆಯುವುದು. ನನ್ನ ಪ್ರಮಾಣಪತ್ರಗಳನ್ನು ಕೆಲವರು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ವಿಷಯ ಇಲಿಯದಾದರೂ ಗದ್ಯ ಗದ್ಯವೇ.

ನಿದ್ದೆಯಿಲಿಗಳ ಜಾತಿಗಳ ಜ್ಞಾನವೂ ಈ ಕೆಲಸಕ್ಕೆ ಬೇಕು. ಹೆಬ್ಬೆರಳಿನಷ್ಟು ದೊಡ್ಡದು, ಜೇನಿನ ಬಣ್ಣದ್ದು, ಬೇಲಿಯ ಬಳ್ಳಿಗಳಲ್ಲೇ ಬೇಸಿಗೆ ಕಳೆಯುವುದು ಒಂದು. ಅದು ಕಾಯಿಯನ್ನು ಕೊರೆದರೆ ತೂತು ಬಳೆಯಷ್ಟು ನಯವಾಗಿರುತ್ತದೆ. ಅಟ್ಟ, ಕಣಜಗಳಲ್ಲಿ ವಾಸಿಸಿ, ಮಲಗುವ ಮುನ್ನ ಎರಡರಷ್ಟು ಕೊಬ್ಬುವ ಬೂದುಬಣ್ಣದ್ದು ಇನ್ನೊಂದು. ಕಣ್ಣಿಗೆ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿಯಿರುವ, ಬಸವನಹುಳು ತಿನ್ನುವ ಜಗಳಗಂಟಿ ಮೂರನೆಯದು. ಇವು ಮೂರೂ ಚಳಿಗಾಲವಿಡೀ ಮಲಗುತ್ತವೆ. ನಾಲ್ಕನೆಯದು ಮುಳ್ಳಿಲಿ. ಬೆನ್ನ ತುಂಬ ಚಪ್ಪಟೆ ಮುಳ್ಳು, ಸೀಸೆ ತೊಳೆಯುವ ಕುಂಚದಂಥ ಬಾಲ, ಬಾಲದ ತುದಿ ಬಿಳುಪು. ಮೆಣಸಿನ ಬಳ್ಳಿಯಿರುವ ಮರದ ಪೊಟರೆಯಲ್ಲಿ ಪಾಚಿ ಹಾಸಿಕೊಂಡು ಇರುತ್ತದೆ. ಹಣ್ಣಾದ ಮೆಣಸನ್ನು ಕದಿಯುತ್ತದೆ. ಈಚಲ ಮರಕ್ಕೆ ಕಟ್ಟಿದ ಹೆಂಡದ ಮಡಕೆಗೂ ಇಳಿಯುತ್ತದೆ. ಹಗಲೆಲ್ಲ ಬಿದ್ದುಕೊಂಡಿದ್ದರೂ ಅದಕ್ಕೆ ಚಳಿಗಾಲದ ನಿದ್ದೆ ಎಂಬುದಿಲ್ಲ, ಆದ್ದರಿಂದ ಕಟ್ಟಳೆಯೂ ಇಲ್ಲ. ಎರಡನೆಯ ತರಗತಿಯ ಪಾಠದಲ್ಲಿ ಈ ಅಂಶವನ್ನು ನಾನೇ ಬರೆದಿದ್ದೆ: ‘ಮುಳ್ಳಿಲಿಯು ಮಲಗಿದಂತೆ ತೋರುವುದು. ಅದು ಮಲಗಿಲ್ಲ. ಜಾಣರು ಮೋಸ ಹೋಗರು.’ ಊರಿನಲ್ಲಿ ಐವತ್ತರೊಳಗಿನ ಎಲ್ಲರೂ ಇದನ್ನು ನನ್ನ ಮುಂದೆ ನಿಂತು ಒಪ್ಪಿಸಿದವರೇ.

ಮನೆಯಲ್ಲಿ ನಾನು ಮತ್ತು ನನ್ನ ತಂಗಿ ತುಂಗ, ಇಬ್ಬರೇ. ನನ್ನ ಹೆಂಡತಿ ತೀರಿಕೊಂಡು ಬಹುಕಾಲವಾಗಿತ್ತು. ತುಂಗಳಿಗೆ ಇಪ್ಪತ್ತೊಂದು ತುಂಬಿದಾಗ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಯೆಂದರೆ ಪುರಸಭೆಯಲ್ಲಿರುವ ಮದುವೆಯ ಪುಸ್ತಕದಲ್ಲಿ ಗಂಡು ಹೆಣ್ಣು ಇಬ್ಬರೂ ತಮ್ಮ ಕೈಯಿಂದ ಹೆಸರು ಬರೆಯುವುದು, ಉಳಿದದ್ದೆಲ್ಲ ಊಟ. ಆ ವರ್ಷ ಪುಸ್ತಕದ ಪೆಟ್ಟಿಗೆಯಲ್ಲಿ ಬೂದುಬಣ್ಣದ ಇಲಿಯೊಂದು ಮಲಗಿತು. ಅದು ನನ್ನ ವೃತ್ತಿಯ ಮೊಟ್ಟಮೊದಲ ಪರೀಕ್ಷೆ. ಮೈ ತಣ್ಣಗಿತ್ತು, ಉಸಿರು ಒಂಬತ್ತು ನಿಮಿಷಕ್ಕೊಂದಿತ್ತು. ಸ್ವಂತ ತಂಗಿಯೆಂದು ನೋಡದೆ ಚೀಟಿ ಅಂಟಿಸಿದೆ. ಗಂಡಿನವರು ಐದು ತಿಂಗಳು ಕಾಯಲಿಲ್ಲ. ಇಲಿಗಳ ಕಾಟವಿಲ್ಲದ ಇನ್ನೊಂದು ಊರಿನಲ್ಲಿ ಬೇರೆ ಹೆಣ್ಣು ನೋಡಿಕೊಂಡರು. ನನ್ನ ನಿಷ್ಪಕ್ಷಪಾತಕ್ಕೆ ಊರು ತಲೆದೂಗಿತು. ತುಂಗ ನನ್ನ ಮನೆಯಲ್ಲೇ ಉಳಿದಳು.

ಉಳಿದವಳು ಸುಮ್ಮನೆ ಉಳಿಯಲಿಲ್ಲ. ಮೂವತ್ತೊಂದು ವರ್ಷ ಸಾರು ಮಾಡಿದಳು, ಮಧ್ಯಾಹ್ನಗಳಲ್ಲಿ ದೇವರ ದೀಪಕ್ಕೆ ಹೂಬತ್ತಿ ಹೊಸೆದಳು. ಎಡಗೈಯವಳಾದ್ದರಿಂದ ಅವಳ ಬತ್ತಿಯ ತುದಿ ಎಡಕ್ಕೆ ತಿರುಚಿಕೊಂಡಿರುತ್ತದೆ. ಊರಿನ ಇನ್ನೆಲ್ಲರ ಬತ್ತಿಯೂ ಬಲಕ್ಕೆ. ಕಳೆದ ಹತ್ತು ವರ್ಷಗಳಿಂದ ಪರೀಕ್ಷೆಗೂ ನನ್ನ ಜೊತೆ ಬರುತ್ತಿದ್ದಳು. ಇಲಿಯನ್ನು ಅಂಗೈಯಲ್ಲಿ ಎತ್ತಿ ಕಿವಿಗೆ ಹಿಡಿದು ಉಸಿರನ್ನು ಎಣಿಸುತ್ತಿದ್ದವಳು ಅವಳು, ನಾನು ಬರೆದುಕೊಳ್ಳುತ್ತಿದ್ದೆ. ನನ್ನ ಕಿವಿ ಮಂದವಾಗಿತ್ತೆಂದು ಇದರಿಂದ ಯಾರೂ ಊಹಿಸಬೇಕಾಗಿಲ್ಲ. ಈಚಿನ ಇಲಿಗಳು ಹಿಂದಿನವುಗಳಿಗಿಂತ ಮೆಲ್ಲಗೆ ಉಸಿರಾಡುತ್ತವೆಂಬುದು ನನ್ನ ಅಭಿಪ್ರಾಯವಾಗಿತ್ತು.

ಹೋದ ಆಶ್ವಯುಜದಲ್ಲಿ ಸಂಪಂಗಿರಾಮಯ್ಯ ನಮ್ಮ ಮನೆಗೆ ಬಂದ. ಹೆಂಡತಿ ಸತ್ತ ಬಡಗಿ. ಇಲಿಗಳಿಗೆ ಮಲಗುವ ಪೆಟ್ಟಿಗೆಗಳನ್ನು ಮಾಡಿ ಮರಗಳಿಗೆ ಕಟ್ಟುವುದು ಅವನ ಕೆಲಸ. ಆ ಪೆಟ್ಟಿಗೆಗಳು ಬಂದಮೇಲೆ ಜನರ ಸಾಮಾನುಗಳಲ್ಲಿ ಮಲಗುವ ಇಲಿಗಳ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿತ್ತು. ಹೀಗಾಗಿ ಅವನ ಮೇಲೆ ನನಗೆ ಮೊದಲಿಂದಲೂ ಅಷ್ಟಾಗಿ ಪ್ರೀತಿಯಿರಲಿಲ್ಲ. ಅಂದು ಒಂದು ಹೊಸ ಪೆಟ್ಟಿಗೆಯನ್ನು ಕಾಣಿಕೆಯೆಂಬಂತೆ ಜಗಲಿಯ ಮೇಲಿಟ್ಟು ಕುಳಿತ. ಅದರ ಬಾಗಿಲಿನ ತೂತು ಹಿಂಭಾಗದಲ್ಲಿತ್ತು. ಕಾರಣ ಕೇಳಿದೆ. ತೂತು ಯಾವಾಗಲೂ ಮರದ ಕಡೆ ತಿರುಗಿರಬೇಕು, ಇಲಿ ಕಾಂಡವನ್ನು ಹತ್ತಿಕೊಂಡು ಹಿಂದಿನಿಂದ ಒಳಗೆ ಹೋಗುತ್ತದೆ, ಮುಂದೆ ಇಟ್ಟರೆ ಬೆಕ್ಕು ಗೂಬೆಗಳಿಗೆ ಕಾಣುತ್ತದೆ ಎಂದ. ಗೋಡೆಗೆ ಮುಖಮಾಡಿದ ಬಾಗಿಲು ಮರ್ಯಾದಸ್ಥರ ಮನೆಯ ಲಕ್ಷಣವಲ್ಲವೆಂದೆ. ಅವನು ಅಡುಗೆಮನೆಯ ಕಡೆ ನೋಡಿ ನಕ್ಕ. ಒಳಗೆ ತುಂಗ ನಕ್ಕಿರಬೇಕು; ನನಗೆ ಕೇಳಿಸಲಿಲ್ಲ.

ಆಮೇಲೆ ಅವನು ಗಂಟಲು ಸರಿಮಾಡಿಕೊಂಡು, “ಮೇಷ್ಟ್ರೇ, ತುಂಗಮ್ಮನವರನ್ನ ಕೇಳೋಕೆ ಬಂದಿದೀನಿ,” ಎಂದ.

ಅವಳ ವಯಸ್ಸು ಗೊತ್ತೇ ಎಂದು ಕೇಳಿದೆ.

“ಅವರಿಗೆ ಐವತ್ತೆರಡು. ನನಗೆ ಅರವತ್ತೊಂದು. ಇನ್ನೂ ತಡ ಮಾಡೋಣ ಅಂದ್ರೆ ಇಬ್ಬರ ಹತ್ರಾನೂ ಅಷ್ಟು ದಾಸ್ತಾನಿಲ್ಲ.”

ನಾನು ಉತ್ತರವನ್ನು ಮನಸ್ಸಿನಲ್ಲೇ ರಚಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತುಂಗ ಎರಡು ಲೋಟ ಕಾಫಿ ತಂದಳು. ಅವನದನ್ನು ಮೊದಲು ಕೊಟ್ಟಳು. ನನ್ನ ಕಡೆ ತಿರುಗಿ ನನ್ನ ಬಲಗಿವಿಯ ಹತ್ತಿರಕ್ಕೆ ಬಂದು ಹೇಳಿದಳು: “ನಾನು ಹೂಂ ಅಂದಾಯ್ತು ಅಣ್ಣಯ್ಯ. ಅವರು ಮರ್ಯಾದೆಗೆ ನಿನ್ನ ಕೇಳ್ತಿದಾರೆ. ನೀನೂ ಮರ್ಯಾದೆಗೆ ಹೂಂ ಅನ್ನು.”

ಹೂಂ ಎಂದೆ. ಮಾರ್ಗಶಿರದ ಮೊದಲ ಸೋಮವಾರ ಪುಸ್ತಕದಲ್ಲಿ ಹೆಸರು ಬರೆಯುವುದೆಂದು ನಿಶ್ಚಯವಾಯಿತು. ಅವನು ಹೋದಮೇಲೆ ತುಂಗ, ತಾನು ದಿನಕ್ಕೊಮ್ಮೆ ಬಂದು ಹೋಗುವೆನೆಂದೂ ಪರೀಕ್ಷೆಯಿದ್ದ ದಿನ ಉಸಿರು ಎಣಿಸಿಕೊಡುವೆನೆಂದೂ ಹೇಳಿದಳು. ಇದು ಒಳ್ಳೆಯ ಮಾತೇ. ಆದರೆ ಒಂದೇ ಮನೆಯಿಂದ ಅಣ್ಣತಂಗಿಯರು ಒಟ್ಟಿಗೆ ಹೊರಡುವುದು ಬೇರೆ, ಬಡಗಿಯ ಹೆಂಡತಿಯನ್ನು ಅವಳ ಮನೆಯಿಂದ ಕರೆಸಿ ಪರೀಕ್ಷಕನು ಕೈಕಟ್ಟಿ ನಿಲ್ಲುವುದು ಬೇರೆ. ಎಣಿಸುತ್ತಿದ್ದವರು ಯಾರೆಂದು ಊರು ಮರುದಿನವೇ ತಿಳಿಯುತ್ತಿತ್ತು. ನಾನೇ ಎಣಿಸಿಕೊಳ್ಳಬಲ್ಲೆ, ನಿನ್ನ ಉಪಕಾರ ಬೇಡ ಎಂದೆ. ಅವಳು ಬತ್ತಿ ಹೊಸೆಯಲು ಕುಳಿತಳು.

ಮುಂದಿನದನ್ನು ಬರೆಯಲು ನನಗೆ ಸಂತೋಷವಿಲ್ಲ. ಆದರೂ ಅನುಕ್ರಮ ತಪ್ಪಿಸುವುದು ನನ್ನ ಅಭ್ಯಾಸವಲ್ಲ. ಕಾರ್ತಿಕದ ಆರಂಭದಲ್ಲಿ ಪುರಸಭೆಯ ಪೆಟ್ಟಿಗೆಗಳ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ತಪಾಸಣೆ ಮಾಡುವುದು ಪರೀಕ್ಷಕನ ಕರ್ತವ್ಯ. ನಾನು ಹೋದೆ. ಎಲ್ಲವನ್ನೂ ಬಿಗಿಮಾಡಿದೆ. ಮದುವೆಯ ಪುಸ್ತಕದ ಪೆಟ್ಟಿಗೆಯೊಂದನ್ನು ಮಾತ್ರ ಹೆಬ್ಬೆರಳಿನಷ್ಟು ತೆರೆದಿಟ್ಟೆ. ಒಳಗೆ ಒಂದು ಅಕ್ರೋಟನ್ನು ಇಟ್ಟೆ. ಹತ್ತಿಯೂ ಬೇಕಾಗಿತ್ತು, ನಮ್ಮ ಮನೆಯಲ್ಲಿ ಹತ್ತಿಯೆಂದರೆ ದೇವರ ಗೂಡಿನ ಬಟ್ಟಲಿನಲ್ಲಿದ್ದ ಹೂಬತ್ತಿಗಳೇ. ಒಂದು ಹಿಡಿ ಜೇಬಿನಲ್ಲಿ ತಂದಿದ್ದೆ. ತುಂಗಳಿಗೆ ಕೆಡುಕು ಮಾಡುವ ಉದ್ದೇಶ ನನಗಿರಲಿಲ್ಲ. ಗಂಡಸಿನ ತಾಳ್ಮೆ ಐದು ತಿಂಗಳು ಬಾಳುವುದಿಲ್ಲವೆಂಬುದಕ್ಕೆ ನಮ್ಮ ಮನೆಯಲ್ಲೇ ಹಿಂದಿನ ಆಧಾರವಿತ್ತು. ಈ ಗಂಡಸಿನ ತಾಳ್ಮೆಯನ್ನೂ ಪರೀಕ್ಷಿಸಿ ನೋಡುವುದು ಅಣ್ಣನಾದವನ ಹೊಣೆಯೆಂದು ನನಗೆ ನಾನೇ ಹೇಳಿಕೊಂಡೆ. ವಾಕ್ಯ ಚೆನ್ನಾಗಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಮನೆಗೆ ಬಂದೆ.

ಎಂಟನೆಯ ದಿನ ಪುರಸಭೆಯ ಅಧ್ಯಕ್ಷೆ ಪಾರಿಜಾತಮ್ಮ ಹೇಳಿಕಳುಹಿಸಿದಳು: ಮದುವೆಯ ಪೆಟ್ಟಿಗೆಯಲ್ಲಿ ಏನೋ ಮಲಗಿದೆ. ಪಾರಿಜಾತಮ್ಮ ನನ್ನ ವಿದ್ಯಾರ್ಥಿನಿ, ಮೆಲುಮಾತಿನವಳು. ಚಿಕ್ಕಂದಿನಲ್ಲೂ ತಪ್ಪು ಮಾಡಿದವರ ಹೆಸರನ್ನು ಪಿಸುಮಾತಿನಲ್ಲೇ ಹೇಳುತ್ತಿದ್ದಳು. ಮದುವೆಗೆ ಸಂಬಂಧಪಟ್ಟವಳಾದ್ದರಿಂದ ನೀನು ಬರಬಾರದೆಂದು ತುಂಗಳನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಹೋದೆ. ಪೆಟ್ಟಿಗೆಯ ಮೂಲೆಯಲ್ಲಿ ಪಾಚಿಯ ದೊಡ್ಡ ಉಂಡೆಯಿತ್ತು, ನಡುವೆ ಬೂದುಬಣ್ಣದ ಮೈ ಕಾಣುತ್ತಿತ್ತು. ಬೂದುಬಣ್ಣದ ಜಾತಿಯೆಂದು ನಿರ್ಣಯಿಸಿದೆ. ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ; ಹತ್ತು ವರ್ಷದಿಂದ ನನಗೆ ಯಾವ ಇಲಿಯಿಂದಲೂ ಏನೂ ಕೇಳಿಸಿರಲಿಲ್ಲ. ಅಂಗೈಯ ಹಿಂಬದಿಯನ್ನು ತಾಗಿಸಬೇಕಾಗಿತ್ತು. ಅಂದು ಪಾಚಿಯ ನಡುವೆ ಇಣುಕುತ್ತಿದ್ದ ಬಿಳಿಯ ಬತ್ತಿಗಳನ್ನು ಕಂಡು ಕೈ ಮುಂದೆ ಹೋಗಲಿಲ್ಲ. ಚೀಟಿ ಅಂಟಿಸಿ, ಉಸಿರು ಹದಿನಾಲ್ಕು ನಿಮಿಷಕ್ಕೆ ಒಂದು ಎಂದು ಬರೆದೆ. ಹತ್ತಕ್ಕಿಂತ ಮೇಲೆ ನಾನು ಎಂದೂ ಬರೆದಿರಲಿಲ್ಲ. ಆದರೆ ಈ ನಿದ್ದೆಯು ಬಲು ಗಾಢವಾಗಿರಬೇಕಾದದ್ದು ಅಗತ್ಯವಾಗಿತ್ತು.

ಪ್ರಮಾಣಪತ್ರದ ಪ್ರತಿಯನ್ನು ತುಂಗ ಎರಡು ಸಲ ಓದಿದಳು. “ಹೋದ ಸಲವೂ ಅದೇ ಪೆಟ್ಟಿಗೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹದಿನಾಲ್ಕು ನಿಮಿಷ ಉಸಿರು ಹಿಡಿಯೋ ಇಲೀನ ನಾನು ಕಂಡಿಲ್ಲ ಅಣ್ಣಯ್ಯ. ಅದು ತೀರಾ ಹಟಮಾರಿ ಇರಬೇಕು,” ಎಂದಳು. ಅಳಲಿಲ್ಲ. ಮದುವೆಗೆಂದು ಹಪ್ಪಳದ ಹಿಟ್ಟು ಕಲಸಿಟ್ಟಿದ್ದಳು. ಅದನ್ನು ಹಿತ್ತಲಿಗೆ ಒಯ್ದು ಒಂದೊಂದಾಗಿ ಒತ್ತಿ ಒಣಗಲು ಹಾಕಿದಳು. ಐದು ತಿಂಗಳು ಕೆಡದೆ ಇರುತ್ತವೆಂದಳು.

ಸಂಪಂಗಿರಾಮಯ್ಯನ ತಾಳ್ಮೆಯ ವಿಷಯದಲ್ಲಿ ನನ್ನ ಲೆಕ್ಕಾಚಾರ ಮೊದಲ ವಾರದಲ್ಲೇ ಕೆಟ್ಟಿತು. ಅವನು ಕಾಯುತ್ತೇನೆ ಎಂದ; ಎಂದದ್ದು ಬರಿಯ ಮಾತಿಗಲ್ಲ. ದಿನವೂ ಮಧ್ಯಾಹ್ನ ಹಲಗೆಗಳನ್ನೂ ಉಳಿ ಬಾಚಿಗಳನ್ನೂ ಹೊತ್ತು ನಮ್ಮ ಜಗಲಿಗೆ ಬಂದು, ಅಲ್ಲೇ ಕುಳಿತು ಪೆಟ್ಟಿಗೆ ಮಾಡತೊಡಗಿದ. ಮರ ಕೀಸಿದ ಸುರುಳಿಗಳು ಜಗಲಿಯಿಂದ ನಡುಮನೆಗೂ ನಡುಮನೆಯಿಂದ ನನ್ನ ಬರವಣಿಗೆಯ ಮಣೆಗೂ ಹಾರಿಬಂದವು. ತುಂಗ ಹೊಸಲಿನ ಒಳಗೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು, ತುಟಿಗಳು ಆಡುತ್ತಿದ್ದುದು ನನಗೆ ಕಾಣುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ನಾವಿಬ್ಬರು ಆಡಿದ್ದಕ್ಕಿಂತ ಹೆಚ್ಚಿನ ಮಾತು ಆ ಎರಡು ವಾರಗಳಲ್ಲಿ ಆ ಹೊಸಲಿನ ಮೇಲೆ ಆಗಿಹೋಯಿತು.

ಚೀಟಿ ಅಂಟಿಸಿದ ಹತ್ತೊಂಬತ್ತನೆಯ ದಿನ ಪಾರಿಜಾತಮ್ಮ ಮತ್ತೆ ಹೇಳಿಕಳುಹಿಸಿದಳು. ಈ ಸಲ ತುಂಗಳನ್ನೂ ಸಂಪಂಗಿರಾಮಯ್ಯನನ್ನೂ ಕರೆದಿದ್ದಳು. ಹೋಗಿ ನೋಡಿದರೆ ಪುರಸಭೆಯ ಹಜಾರದಲ್ಲಿ ಮೂವತ್ತು ನಲವತ್ತು ಜನ, ಪೆಟ್ಟಿಗೆಯ ಸುತ್ತ, ಉಸಿರು ಬಿಗಿಹಿಡಿದು ನಿಂತಿದ್ದರು. ಚೀಟಿಯ ಕೆಳಗೆ ನೆಲದ ಮೇಲೆ ಮೆಣಸಿನ ಸಿಪ್ಪೆ ಚೆಲ್ಲಿತ್ತು. ಕಚೇರಿಯ ಹಿಂದಿನ ಹಲಸಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಅದರ ಪಕ್ಕದ ಈಚಲಿಗೆ ಹೆಂಡದ ಮಡಕೆ ಕಟ್ಟಿರುತ್ತಾರೆ. ಇವೆರಡನ್ನೂ ನಾನು ಮೊದಲೇ ನೆನೆಯಬೇಕಾಗಿತ್ತು.

ಪಾರಿಜಾತಮ್ಮ ನನ್ನ ಹತ್ತಿರ ಬಗ್ಗಿ, “ಕೇಳಿಸ್ತಿದೆಯಾ ಮೇಷ್ಟ್ರೇ?” ಎಂದಳು.

ಎಲ್ಲರ ಮುಖಗಳೂ ಪೆಟ್ಟಿಗೆಯ ಕಡೆಗಿದ್ದವು. ಏನೋ ಕೇಳಿಸುತ್ತಿತ್ತೆಂಬುದು ಖಚಿತ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಕೆಲವು ಇಲಿಗಳಿಗೆ ಉಂಟು, ಈಗ ಕೇಳುತ್ತಿರುವ ಸದ್ದು ಅದೇ ಎಂದು ಗಂಭೀರವಾಗಿ ಹೇಳಿದೆ. ಆ ಗಳಿಗೆಯಲ್ಲಿ ಒಳಗೆ ಯಾವ ಸದ್ದೂ ಇರಲಿಲ್ಲವೆಂದು, ನಾನು ಬಾಯಿ ತೆರೆಯುವ ಮೊದಲೇ ಅದು ನಿಂತಿತ್ತೆಂದು, ಆಮೇಲೆ ತಿಳಿಯಿತು. ಹಿಂದಿನ ಸಾಲಿನಲ್ಲಿದ್ದ ದರ್ಜಿಯೊಬ್ಬ ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬಾಯಿಪಾಠ ನೆನಪಾದವನಂತೆ, “ಮುಳ್ಳಿಲಿಯು ಮಲಗಿದಂತೆ ತೋರುವುದು,” ಎಂದು ಶುರುಮಾಡಿದ. ಪಕ್ಕದವರು ಸೇರಿದರು. “ಅದು ಮಲಗಿಲ್ಲ. ಜಾಣರು ಮೋಸ ಹೋಗರು,” ಎಂದು ಹಜಾರವೆಲ್ಲ ಒಟ್ಟಾಗಿ ಒಪ್ಪಿಸಿತು. ಉಚ್ಚಾರಣೆ ಶುದ್ಧವಾಗಿತ್ತು. ಅಷ್ಟು ಜನ ಒಟ್ಟಿಗೆ ಹೇಳಿದ್ದರಿಂದ ನನಗೂ ಕೇಳಿಸಿತು.

ತುಂಗ ಮುಂದೆ ಬಂದು ಚೀಟಿ ಕಿತ್ತು ಮುಚ್ಚಳ ತೆಗೆದಳು. ಪಾಚಿಯನ್ನು ಬೆರಳಿನಿಂದ ಸರಿಸಿದಳು. ಅವಳ ಬೆರಳು ಒಂದು ಕ್ಷಣ ನಿಂತಿತು. ಎಡಕ್ಕೆ ತಿರುಚಿದ ಒಂದು ಹೂಬತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು; ಮತ್ತೆ ಬಗ್ಗಿ ಉಳಿದವನ್ನೂ ಆರಿಸಿಕೊಂಡಳು; ಎಲ್ಲವನ್ನೂ ಯಾರಿಗೂ ಕಾಣದಂತೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ನನಗೆ ಕಾಣುವಂತೆಯೇ ಕಟ್ಟಿಕೊಂಡಳು. ಅವಳು ಒಂದು ಮಾತು ಹೇಳಿದ್ದರೆ ಮೂವತ್ತೊಂದು ವರ್ಷಗಳ ನನ್ನ ಹೆಸರು ಆ ಹಜಾರದಲ್ಲೇ ಮುಗಿಯುತ್ತಿತ್ತು. ಅವಳು ಹೇಳಿದ್ದು ಇಷ್ಟೇ: “ಅಣ್ಣಯ್ಯ, ನೀನೇ ಕೈ ಇಟ್ಟು ನೋಡು.”

ಕೈ ಇಟ್ಟೆ. ಮುಳ್ಳುಗಳು ಚುಚ್ಚಿದವು. ಮೈ ಬೆಚ್ಚಗಿತ್ತು. ಇಲಿಯು ನನ್ನ ತೋಳನ್ನು ಹತ್ತಿ, ಹೆಗಲ ಮೇಲೆ ಒಮ್ಮೆ ನಿಂತು, ಬಿಳಿತುದಿಯ ಬಾಲವನ್ನು ಎಲ್ಲರಿಗೂ ತೋರಿಸಿ, ಜಂತೆಗೆ ಹಾರಿ ಮಾಯವಾಯಿತು. ಹತ್ತೊಂಬತ್ತು ದಿನದ ಹಿಂದೆ ಅದು ಅಷ್ಟು ನಿಶ್ಚಲವಾಗಿ ಬಿದ್ದಿದ್ದದ್ದಕ್ಕೆ ಈಚಲ ಮರದ ಮಡಕೆಯೇ ಕಾರಣವೆಂದು ಹೆಂಡ ಇಳಿಸುವವನು ಹಿಂದಿನಿಂದ ಹೇಳಿದ. ಆ ವಾರ ಮಡಕೆ ಬೆಳಿಗ್ಗೆ ಬೆಳಿಗ್ಗೆ ಅರ್ಧ ಖಾಲಿಯಾಗುತ್ತಿತ್ತಂತೆ. ಅಂದರೆ ನಾನು ಬರೆದ ಪ್ರಮಾಣಪತ್ರಗಳಲ್ಲೆಲ್ಲ ಉತ್ತಮವಾದದ್ದು ಒಬ್ಬ ಕುಡುಕನ ಮೇಲೆ ಬರೆದದ್ದಾಗಿತ್ತು.

ಅದು ಬೇಗ ಎದ್ದಿತೆಂದು ಹೇಳಬಹುದಾಗಿತ್ತು. ಮುಳ್ಳಿಲಿಯ ಹೊಸ ಜಾತಿಯೊಂದನ್ನು ಕಂಡುಹಿಡಿದೆನೆಂದೂ ಹೇಳಬಹುದಾಗಿತ್ತು. ಆ ವಾಕ್ಯ ಬಾಯಿಗೆ ಬಂದೂ ಇತ್ತು. ಆದರೆ ತುಂಗ ಸೆರಗಿನ ಗಂಟನ್ನು ಹಿಡಿದುಕೊಂಡು ನಿಂತಿದ್ದಳು. “ನನಗೆ ಕಿವಿ ಕೇಳಿಸುವುದಿಲ್ಲ,” ಎಂದೆ. “ಹತ್ತು ವರ್ಷವಾಯಿತು. ಇಷ್ಟು ದಿನ ಎಣಿಸುತ್ತಿದ್ದವಳು ತುಂಗ.”

ಪಾರಿಜಾತಮ್ಮ ನನಗೆ ಕೇಳುವಷ್ಟು ಗಟ್ಟಿಯಾಗಿ, ಆದರೂ ಮೆಲ್ಲಗೆ, “ಊರಿಗೆಲ್ಲ ಗೊತ್ತು ಮೇಷ್ಟ್ರೇ. ನೀವೇ ಹೇಳ್ಲಿ ಅಂತ ಕಾಯ್ತಿದ್ವಿ,” ಎಂದಳು.

ಹತ್ತು ವರ್ಷಗಳ ಪ್ರಮಾಣಪತ್ರಗಳು ಒಳ್ಳೆಯ ಕಿವಿಯಿಂದಲೇ ಎಣಿಸಲ್ಪಟ್ಟಿದ್ದರಿಂದ ಅವು ಊರ್ಜಿತವೆಂದು ಅಲ್ಲಿಯೇ ತೀರ್ಮಾನವಾಯಿತು. ಪರೀಕ್ಷಕಳಾಗಿ ತುಂಗಳನ್ನು ನೇಮಿಸುವುದೆಂದೂ ಆಯಿತು. ಸೋಮವಾರದವರೆಗೆ ಕಾಯುವುದು ಬೇಡವೆಂದು ಅಲ್ಲಿಯೇ ಮದುವೆಯ ಪುಸ್ತಕವನ್ನು ಹೊರತೆಗೆದರು. ಮುಳ್ಳಿಲಿಯು ಅದರ ಅಂಚನ್ನೆಲ್ಲ ಹಲ್ಲಿನಿಂದ ಕತ್ತರಿಸಿತ್ತು. ಬರೆಯುವ ಜಾಗವನ್ನು ಮುಟ್ಟಿರಲಿಲ್ಲ. ತುಂಗ ಎಡಗೈಯಲ್ಲಿ ತನ್ನ ಹೆಸರು ಬರೆದಳು. ಸಂಪಂಗಿರಾಮಯ್ಯ ಬರೆದ. ಸಾಕ್ಷಿಯ ಜಾಗದಲ್ಲಿ ನಾನು ಬರೆದೆ. ಮುಳ್ಳು ಚುಚ್ಚಿದ ಬೆರಳಿನಿಂದ ಪುಟದ ಮೇಲೆ ಸಣ್ಣದೊಂದು ಕೆಂಪು ಕಲೆಯಾಯಿತು.

ಮನೆಗೆ ಬರುವ ದಾರಿಯಲ್ಲಿ ತುಂಗ ನನ್ನ ಬಲಗಡೆಗೆ ಬಂದು ನಡೆದಳು. “ಆವತ್ತೂ ನೀನೇನಾ?” ಎಂದು ಕೇಳಿದಳು.

“ಅಲ್ಲ,” ಎಂದೆ.

“ಸರಿ,” ಎಂದಳು. ನಂಬಿದಳೋ ಇಲ್ಲವೋ ಅವಳ ಮುಖದಿಂದ ತಿಳಿಯಲಿಲ್ಲ. ಮೂವತ್ತೊಂದು ವರ್ಷದ ಹಿಂದಿನ ಆ ಇಲಿ ತಾನಾಗಿಯೇ ಬಂದು ನಿಜವಾಗಿಯೂ ಮಲಗಿತ್ತು. ಇದಕ್ಕೆ ಇರುವ ಸಾಕ್ಷಿ ನಾನೊಬ್ಬನೇ. ಆ ಸಾಕ್ಷಿಯ ಯೋಗ್ಯತೆ ಎಷ್ಟೆಂಬುದನ್ನು ಮೇಲೆಯೇ ಬರೆದಿದ್ದೇನೆ.

ತುಂಗ ಎರಡು ಬೀದಿ ಆಚೆಗಿನ ಬಡಗಿಯ ಮನೆಗೆ ಹೋದಳು. ಊಟಕ್ಕೆ ತಮ್ಮಲ್ಲಿಗೇ ಬರಬೇಕೆಂದು ಇಬ್ಬರೂ ಬಂದು ಕರೆದರು. ತಂಗಿಯ ಮನೆಯಲ್ಲಿ ದಿನವೂ ಎಲೆ ಹಾಕಿಸಿಕೊಳ್ಳುವಷ್ಟು ನಾನಿನ್ನೂ ಅಸಹಾಯಕನಾಗಿಲ್ಲ, ಅಡುಗೆ ಮಾಡಿಕೊಳ್ಳುತ್ತೇನೆ ಎಂದೆ. ಅಡುಗೆಯೆಂದರೆ ನೆನೆಸಿದ ಅವಲಕ್ಕಿ ಮತ್ತು ಬಾಳೆಹಣ್ಣು. ಒಲೆ ಹೊತ್ತಿಸುವ ಪ್ರಮೇಯ ಬರಲಿಲ್ಲ. ಮೂರನೆಯ ಸಲ ಕರೆದಾಗ, ಹುಳಿಗೆ ಇನ್ನಷ್ಟು ಉಪ್ಪು ಬೀಳಬೇಕೆಂದು ಈಗಷ್ಟೇ ತಿಳಿದೆನೆಂದು ಸುಳ್ಳು ಹೇಳಿದೆ. ತುಂಗ ಒಲೆಯ ಕಡೆ ನೋಡಿದಳು. ಬೂದಿ ತಣ್ಣಗಿತ್ತು, ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

ಪುಷ್ಯದ ನಡುವೆ ಒಂದು ದಿನ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಒಲೆಯ ಬಾಯಿಯೊಳಗೆ ಒಂದು ಗೂಡಿತ್ತು. ಜೇನಿನ ಬಣ್ಣದ ಪುಟ್ಟ ಇಲಿ, ಉಂಡೆಯಾಗಿ, ಬಾಲವನ್ನು ಮೂಗಿನ ಮೇಲೆ ಹೊದ್ದು ಮಲಗಿತ್ತು. ಕಟ್ಟಳೆಯಂತೆ ಪರೀಕ್ಷಕಳಿಗೆ ಹೇಳಿಕಳುಹಿಸಿದೆ. ಹೊಸ ಹುದ್ದೆಯ ಬಿಲ್ಲೆಯನ್ನು ಸೀರೆಗೆ ಚುಚ್ಚಿಕೊಂಡು ತುಂಗ ಬಂದಳು; ಗಂಡ ಅಂಟಿನ ಬಟ್ಟಲು ಹಿಡಿದು ಹಿಂದೆ ಬಂದ. ಅವಳು ಅಂಗೈಯ ಹಿಂಬದಿಯನ್ನು ತಾಗಿಸಿದಳು. ಕಿವಿಯಿಟ್ಟು ಕುಳಿತಳು. ಅವಳು ಎಣಿಸುತ್ತಿದ್ದಷ್ಟು ಹೊತ್ತು ನಾನು ಗೂಡನ್ನು ನೋಡುತ್ತಿದ್ದೆ. ಬೇಲಿಯ ಬಳ್ಳಿಯ ತೊಗಟೆಯಿಂದ ಹೆಣೆಯುವ ಜಾತಿಯದು ಅದು. ಈ ಗೂಡಿನಲ್ಲಿ ಮರ ಕೀಸಿದ ಸುರುಳಿಗಳಿದ್ದವು, ಅವುಗಳ ನಡುವೆ ಎಡಕ್ಕೆ ತಿರುಚಿದ ನಾಲ್ಕಾರು ಹೂಬತ್ತಿಗಳಿದ್ದವು. ಜೇನುಬಣ್ಣದ ಇಲಿಗಳೆಲ್ಲ ಕಾರ್ತಿಕದಲ್ಲೇ ಮಲಗಿಬಿಡುತ್ತವೆ. ಪುಷ್ಯದಲ್ಲಿ ಎದ್ದು ಬಂದು ಒಲೆ ಹುಡುಕುವ ಒಂದೂ ಇಲ್ಲ. ಮಲಗಿದ ಇಲಿಯನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದೆಡೆಗೆ ಒಯ್ಯುವುದು ನಮ್ಮ ಊರಿನ ಅಪರಾಧಗಳಲ್ಲೆಲ್ಲ ದೊಡ್ಡದು. ಅದಕ್ಕೆ ಶಿಕ್ಷೆಯನ್ನು ಸೂಚಿಸಿ ಬರೆದವನು ನಾನೇ. ಸಂಪಂಗಿರಾಮಯ್ಯ ಅಂಟಿನ ಬಟ್ಟಲನ್ನು ಬಹಳ ಗಮನವಿಟ್ಟು ಕಲಕುತ್ತಿದ್ದ.

“ಹನ್ನೊಂದು ನಿಮಿಷಕ್ಕೊಂದು,” ಎಂದಳು ತುಂಗ. “ಗಾಢವಾಗಿ ಮಲಗಿದೆ. ಯುಗಾದಿವರೆಗೆ ಈ ಒಲೆ ಹಚ್ಚೋ ಹಾಗಿಲ್ಲ. ನಿನಗೇ ಗೊತ್ತಿರೋ ಕಟ್ಟಳೆ.”

“ಊಟಕ್ಕೇನು ಮಾಡಲಿ?” ಎಂದೆ.

“ಎರಡು ಹೊತ್ತೂ ನಮ್ಮಲ್ಲಿ. ಕಟ್ಟಳೆ ಅಂದಮೇಲೆ ಬೇರೆ ದಾರಿ ಎಲ್ಲಿದೆ?”

ಲಕ್ಷಣಗಳೆಲ್ಲ ಸರಿಯಾಗಿವೆಯೆಂದು ಒಪ್ಪಿಕೊಂಡೆ. ಅವಳು ಚೀಟಿ ಅಂಟಿಸಿದಳು. ಅಂದಿನಿಂದ ದಿನಕ್ಕೆರಡು ಸಲ ಎರಡು ಬೀದಿ ದಾಟಿ ಹೋಗಿ ಉಂಡು ಬಂದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಒಂದು ಯಃಕಶ್ಚಿತ್ ಇಲಿಯಿಂದ ನನಗಾದ ಅನನುಕೂಲವನ್ನು ವಿವರಿಸಿದೆ. ಎಲ್ಲರೂ ಸಹಾನುಭೂತಿ ತೋರಿಸಿದರು. ಮಾರ್ಗಶಿರಕ್ಕೆಂದು ಒತ್ತಿದ್ದ ಹಪ್ಪಳಗಳನ್ನು ತುಂಗ ದಿನಕ್ಕೆರಡರಂತೆ ನನ್ನ ಎಲೆಗೆ ಹಾಕಿದಳು.

ಈಗ ಯುಗಾದಿ ಕಳೆದು ಹನ್ನೆರಡು ದಿನವಾಯಿತು. ಒಲೆಯಲ್ಲಿದ್ದದ್ದು ಎದ್ದು ಹೊರಟುಹೋಗಿದೆ. ಗೂಡು ಬರಿದಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊನ್ನೆ ಪರೀಕ್ಷಕಳು ವಿಚಾರಿಸಲು ಬಂದಾಗ ಇನ್ನೂ ಮಲಗಿರುವಂತಿದೆ ಎಂದೆ. ತುಂಗ ಒಲೆಯ ಮುಂದೆ ಕುಳಿತು ಒಳಗೆ ನೋಡಿದಳು. ಆಮೇಲೆ ಬರಿದಾದ ಗೂಡಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಎಣಿಸಿದಳು. ಎದ್ದು ಪ್ರಮಾಣಪತ್ರ ಬರೆದುಕೊಟ್ಟು ಹೋದಳು. ಅದು ಈಗ ನನ್ನ ಮುಂದಿದೆ. ಉಸಿರು ಹದಿನಾಲ್ಕು ನಿಮಿಷಕ್ಕೆ ಒಂದು ಎಂದು ಬರೆದಿದ್ದಾಳೆ.